ಒಂದೇ ಬೋರ್ಡಿಗೆ ಚುಚ್ಚಿದ ಎರಡು ವೈರು

ಮಾರ್ಚ್ ೧೧, ಮಂಗಳವಾರ

ಊಟಕ್ಕೆ ಕೂತರೂ ಆ ಕರಿ ಪೆಟ್ಟಿಗೆಯೇ ಕಣ್ಣಮುಂದೆ.

ಆಸ್ಪತ್ರೆಯ ಸರ್ವರ್‌ಗಳಿಗೆ ಕೆಲಸವನ್ನು ಸಮನಾಗಿ ಹಂಚುವ ಪೆಟ್ಟಿಗೆ ಕೊಳ್ಳಬೇಕಿತ್ತು. ಲೋಡ್ ಬ್ಯಾಲೆನ್ಸರ್ ಅನ್ನುತ್ತಾರೆ. ನೆಟ್‌ವರ್ಕ್ ನೋಡಿಕೊಳ್ಳುವ ನನ್ನ ಅಕ್ಕನ ಮಗಳು ಪರೀಕ್ಷಿಸಿ ನೋಡಲು ಎರಡನ್ನು ತರಿಸಿದ್ದಳು. ಬಿಳಿಯದು ಒತ್ತಡ ಬಂದರೆ ತಡವರಿಸುತ್ತದೆ, ಕರಿಯದೇ ನಂಬಿಕಸ್ತ ಎಂಬುದು ಅವಳ ಲೆಕ್ಕ. ಕರೆಂಟು ನನ್ನ ಇಲಾಖೆ. ಹಳ್ಳಿ ಶಾಲೆಯ ಏಳನೇ ಕ್ಲಾಸಾದರೇನು, ಈ ಕಟ್ಟಡದ ವೈರುಗಳು ನನ್ನ ಕೆಮ್ಮಿಗೇ ಹೆದರುತ್ತವೆ!

ಒಂದು ಲೈನು ಹೋದರೂ ಪೆಟ್ಟಿಗೆ ನಡೆಯಬೇಕು, ಅದೇ ಪರೀಕ್ಷೆ. ಅದಕ್ಕೇ ಪೆಟ್ಟಿಗೆಯ ಎರಡು ವೈರನ್ನೂ ಬೇರೆ ಬೇರೆ ಲೈನಿಗೆ ಕೊಡು ಎಂದಿದ್ದಳು. ನಾನು ಕರಿಯದರ ಎರಡನ್ನೂ ಒಂದೇ ಬೋರ್ಡಿಗೆ ಚುಚ್ಚಿ, ಇನ್ನೊಂದು ಲೈನಿನ ಸಾಕೆಟ್ಟಿಗೆ ನನ್ನ ಫ್ಯಾನು ಹಾಕಿಕೊಂಡೆ. ಯಾರು ನೋಡುತ್ತಾರೆ ಎಂಬ ಧಿಮಾಕು.

ಎಲ್ಲರೆದುರು ಒಂದು ಲೈನು ತೆಗೆದಾಗ ಬಿಳಿಯದು ನಡೆಯುತ್ತಲೇ ಇತ್ತು, ಕರಿಯದು ತಣ್ಣಗಾಯಿತು.

"ನಿಮ್ಮ ಆಯ್ಕೆ ಮಕಾಡೆ ಮಲಗ್ತಲ್ಲಮ್ಮ!" ಎಂದು ಮೇಲಧಿಕಾರಿ ನಕ್ಕರು.

"ನನ್ನ ಕೇಳಿದ್ರೆ ಆಗ್ಲೇ ಹೇಳ್ತಿದ್ದೆ" ಅಂದುಬಿಟ್ಟೆ. ಆಮೇಲೆ ಬೋರ್ಡಿನ ಕಡೆ ಕಣ್ಣು ಹೋಯಿತು. ಕರಿಯದರ ಎರಡು ವೈರೂ ತೆಗೆದ ಆ ಲೈನಿನಲ್ಲೇ ಇದ್ದವು.

"ಎಲ್ಲೂ ಹೀಗಾಗಿಲ್ಲ ಸಾರ್" ಎನ್ನುತ್ತಲೇ ಕರಿಯದನ್ನು ಮಾರಲು ತಂದಿದ್ದವನು ಅದನ್ನು ವಾಪಸು ಡಬ್ಬಿಗೆ ಹಾಕಿ ಕಟ್ಟಿದ. ಟೇಪು ಸುತ್ತಲು ನಾನೇ ಕೈಹಚ್ಚಿದೆ.

ಸಂಜೆ ಅವಳು ಫೋನು ಮಾಡಿದಳು. "ಬೆಳಿಗ್ಗೆ ಬಿಳೀದಕ್ಕೇ ಸಹಿ ಹಾಕ್ತೀನಿ ಮಾಮ. ವೈರಿನ ತಪ್ಪು ಅನ್ನೋಣ ಅಂದ್ರೆ, ಹಾಕಿದ್ದು ನೀನು, ತಪ್ಪಿರಲ್ಲ. ನಂದೇ ತಪ್ಪು ಲೆಕ್ಕ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಸಹಿ ಹಾಕುವ ಮುಂಚೆ, ನಕ್ಕವರೆಲ್ಲರ ಎದುರಿಗೇ ಹೇಳಬೇಕು. ಬೊಗಳೆ ಬಿಡಲು ಎಂದೂ ಮಾತು ಹುಡುಕಿದವನಲ್ಲ. ಈಗ ಹುಡುಕುತ್ತಿದ್ದೇನೆ. "ಪುಟ್ಟಿ, ತಪ್ಪು ನಿಂದಲ್ಲ" ಎಂದು ಶುರು ಮಾಡಲೇ, ಇಲ್ಲಾ "ಎರಡು ವೈರನ್ನೂ ಒಂದೇ ಬೋರ್ಡಿಗೆ ಚುಚ್ಚಿದವನು ನಾನು" ಎಂದೇ?