ಕಪ್ಪು ವಸಡು, ಬಿಳಿ ವಸಡು

ಇಲ್ವಾಕೊ ಬಂದರು,
ಸೆಪ್ಟೆಂಬರ್ ೬, ಗುರುವಾರ ಮಧ್ಯಾಹ್ನ

ಮುದ್ದು ತಮ್ಮ ರೇಯ್ನೊಗೆ,

ಹೇಗಿದ್ದೀಯಪ್ಪಾ? ಬಲಭುಜದ ನೋವು ಕಡಿಮೆಯಾಯಿತೇ, ಇಲ್ಲ ಬಲೆ ಎಳೆಯುವಾಗ ಹಲ್ಲು ಕಚ್ಚಿಕೊಂಡು ಯಾರಿಗೂ ಹೇಳದೆ ಇದ್ದೀಯೋ? ನೀನು ಚಿಕ್ಕವನಿದ್ದಾಗ ಕಾಲಿಗೆ ಗಾಳ ಚುಚ್ಚಿಕೊಂಡು ಊಟ ಮುಗಿಯುವವರೆಗೆ ಬಾಯಿ ಬಿಡದೆ ಕೂತಿದ್ದವನು, ನಿನ್ನ ಮಾತು ನಾನು ನಂಬುವುದಿಲ್ಲ. ಅಷ್ಟು ಉತ್ತರದ ನಿನ್ನ ಕೋಡಿಯಾಕಿನಲ್ಲಿ ಈಗಲೇ ಚಳಿ ಶುರುವಾಗಿರಬೇಕು. ಇದರ ಜೊತೆ ಉಣ್ಣೆಯ ಕಾಲುಚೀಲ ಎರಡು ಜೊತೆ ಕಳಿಸಿದ್ದೇನೆ. ಹೋದ ವರ್ಷದ್ದನ್ನು ಬೋಟಿನಲ್ಲಿ ಯಾರಿಗೋ ಕೊಟ್ಟುಬಿಟ್ಟೆಯಂತೆ. ಅದಕ್ಕೇ ಈ ಸಲ ಎರಡು: ಒಂದು ಕೊಡುವುದಕ್ಕೆ, ಒಂದು ಹಾಕಿಕೊಳ್ಳುವುದಕ್ಕೆ.

ನಮ್ಮ ಹಂಗಾಮು ಮುಗಿಯಿತು. ಹೇಗಾಯಿತು ಎಂದು ನೀನು ಫೋನಿನಲ್ಲಿ ಕೇಳಿದಾಗ ನಿನ್ನ ಭಾವ ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದರು, ಅದಕ್ಕೆ ಚೆನ್ನಾಗಾಯಿತು ಎಂದೆ. ಚೆನ್ನಾಗಿ ಆಗಲಿಲ್ಲ. ನಾನು ಹೇಳುತ್ತಿರುವುದು ಮೀನಿನ ವಿಷಯವಲ್ಲ. ನಿನ್ನ ಭಾವನಿಗೆ ಕಣ್ಣು ಕಾಣುತ್ತಿಲ್ಲ ರೇಯ್ನೊ. ಮುಂದಿನ ಜೂನ್ ಬರುವುದರೊಳಗೆ ಅವರನ್ನು ಚುಕ್ಕಾಣಿಯಿಂದ ಇಳಿಸಬೇಕು. ಹೇಗೆ ಇಳಿಸುವುದು ಎಂಬುದು ನನಗೆ ತಿಳಿಯುತ್ತಿಲ್ಲ. ಅವರು ಈಗ ಬೋಟು ತೊಳೆಯಲು ಹೋಗಿದ್ದಾರೆ, ಬರುವುದರೊಳಗೆ ಎಲ್ಲವನ್ನೂ ಬರೆದು ಮುಗಿಸಬೇಕು.

ಮೊದಲು ಮೀನಿನ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿನಗೆ ಮನಸ್ಸು ನಿಲ್ಲುವುದಿಲ್ಲ. ಜೂನ್ ಕೊನೆಯಲ್ಲಿ, ಈ ಸಲ ಸಾಲ್ಮನ್ ಮೀನಿನಲ್ಲಿ ಚಿನೂಕ್ ಜಾತಿ ಮಾತ್ರ ಇಟ್ಟುಕೊಳ್ಳಬಹುದು, ಕೋಹೊ ಸಿಕ್ಕರೆ ಬಿಡಬೇಕು ಎಂದು ಮೀನುಗಾರಿಕೆ ಇಲಾಖೆಯವರು ಹೇಳಿದರು. ಮೀನು ಆಳದಲ್ಲಿತ್ತು. ಗಾಳಕ್ಕೆ ಸಿಕ್ಕಿಸಿದ ಹೆರಿಂಗ್ ಮೀನನ್ನು ಎಷ್ಟು ಕೆಳಗೆ ಇಳಿಸಿದರೂ ಮೇಲಿನ ಕೋಹೊಗಳೇ ಬಂದು ಕಚ್ಚುತ್ತಿದ್ದವು. ಜುಲೈಯಲ್ಲಿ ಚಿನೂಕ್ ಬಂತು, ಆದರೆ ಆಗಲೇ ಅಳಿವೆಯಲ್ಲಿ ಅಲೆ ಎದ್ದು ದಾಟಲಾಗದಂತಾಯಿತು. ಕೊಲಂಬಿಯಾ ನದಿಯ ಬಾಯಿ ಹೇಗೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಬೋಟುಗಳೆಲ್ಲ ಬಂದರಿನೊಳಗೆ ಕಟ್ಟಿಕೊಂಡು ನಿಂತವು. ಹಣ ಕೊಟ್ಟು ನಮ್ಮ ಬೋಟುಗಳಲ್ಲಿ ಮೀನು ಹಿಡಿಯಲು ದೂರದ ಊರುಗಳಿಂದ ಬಂದ ಗಿರಾಕಿಗಳು ದಕ್ಕೆಯ ಮೇಲೆ ಹೊಸ ಮಳೆಯಂಗಿ ಹಾಕಿಕೊಂಡು, ಹತ್ತಿರವೇ ಕೇಳುತ್ತಿದ್ದ ಸಮುದ್ರವನ್ನು ನೋಡಲಾಗದೆ ಓಡಾಡಿದರು. ನಾವು ಒಳಗೆ ಸಿಕ್ಕಿಕೊಂಡಿದ್ದಾಗ ಬೇರೆ ಬಂದರಿನವರು ಹಿಡಿಯುತ್ತಲೇ ಇದ್ದರು. ಇಷ್ಟೇ ಮೀನು ಎಂಬ ಲೆಕ್ಕ ಎಲ್ಲರಿಗೂ ಒಂದೇ ತಾನೇ, ಅದು ಆಗಸ್ಟ್ ನಡುವಿನಲ್ಲೇ ತುಂಬಿಹೋಯಿತು, ಬಾಗಿಲು ಹಾಕಿದರು. ಕಡಲಸಿಂಹಗಳು ಮಾತ್ರ ಯಾವ ಲೆಕ್ಕಕ್ಕೂ ಸೇರದೆ ನಮ್ಮ ಗಾಳದಿಂದಲೇ ಕಿತ್ತು ತಿಂದು ಕೊಬ್ಬಿವೆ.

ಈಗ ಭಾವನ ಮಾತು. ಮೀನು ಬೋಟಿಗೆ ಬಂದ ಕೂಡಲೇ ಅವರು ಅದನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡುತ್ತಿದ್ದುದನ್ನು ನೀನೂ ಹೋದ ವರ್ಷ ಇಲ್ಲಿಗೆ ಬಂದಾಗ ನೋಡಿದ್ದೆ. "ಚಿನೂಕ್ ವಾಸ್ನೆ ಬೇರೆ ಕಣ್ರೀ, ಕಣ್ಣು ಕಟ್ಟಿ ಬಿಟ್ರೂ ಹೇಳ್ತೀನಿ" ಎನ್ನುತ್ತಿದ್ದರು, ಗಿರಾಕಿಗಳು ನಗುತ್ತಿದ್ದರು, ಫೋಟೋ ತೆಗೆಯುತ್ತಿದ್ದರು. ನೀನು, "ಭಾವ ಈ ವಯಸ್ಸಿಗೆ ನಾಟಕದವರಾದ್ರಲ್ಲ ಅಕ್ಕ" ಎಂದಿದ್ದೆ. ನಾನೂ ಹಾಗೇ ಎಂದುಕೊಂಡಿದ್ದೆ. ಇಷ್ಟು ವರ್ಷ ಬಾಯಿ ತೆರೆದು ವಸಡು ನೋಡುತ್ತಿದ್ದ ಮನುಷ್ಯ, ಕಪ್ಪಿದ್ದರೆ ಚಿನೂಕ್, ಬಿಳಿಯಿದ್ದರೆ ಕೋಹೊ, ಅಷ್ಟೇ ಸಾಕಾಗಿದ್ದವರು, ಈಗ ಯಾಕೆ ಮೂಸುತ್ತಾರೆ ಎಂದು ನಾನು ಕೇಳಲೇ ಇಲ್ಲ.

ಜುಲೈ ಮೊದಲ ವಾರ ಅವರಿಗೆ ನೆಗಡಿಯಾಯಿತು. ಬೇಡ ಎಂದರೂ ನಾಲ್ಕು ಜನ ಗಿರಾಕಿಗಳನ್ನು ಕರೆದುಕೊಂಡು, ಕೈಯಾಳಿಲ್ಲದೆ ಒಬ್ಬರೇ ಹೋದರು. ಕೆಲಸಕ್ಕಿದ್ದ ಮರ್ಲ್ ಹಂಗಾಮಿಗೆ ಮೊದಲೇ, ಬೆನ್ನು ಹಿಡಿದಿದೆ, ಇನ್ನು ಆಗುವುದಿಲ್ಲ ಎಂದು ಬಿಟ್ಟುಹೋಗಿದ್ದ. ಸಂಜೆ ನಮ್ಮ ಬೋಟು ಲೆಂಪಿ ಬಂದು ದಕ್ಕೆಗೆ ತಾಗಿತು. ಮೀನು ಎಣಿಸುವ ಇಲಾಖೆಯ ಹುಡುಗಿ ಡಾನಿಕಾ ಪೆಟ್ಟಿಗೆ ತೆರೆದು ಒಂದು ಮೀನಿನ ಬಾಯಿ ಅಗಲಿಸಿದಳು. ಆಮೇಲೆ ಮೆಲ್ಲಗೆ, "ತೌನೊ ಅಜ್ಜ, ಇದರ ವಸಡು ಬಿಳಿ" ಎಂದಳು. ಇನ್ನೊಂದನ್ನು ತೆರೆದಳು, ಅದೂ ಬಿಳಿ. ಭಾವ, "ಬೆಳಕು ಸರಿ ಇರ್ಲಿಲ್ಲಮ್ಮಾ" ಎಂದು ನಕ್ಕರು. ಆಕಾಶ ಬೆಳಗಿನಿಂದ ಗಾಜಿನ ಹಾಗಿತ್ತು. ಪಕ್ಕದ ಬೋಟಿನಲ್ಲಿ ಮರ್ಲ್ ಏಡಿಯ ಪಂಜರ ಒಂದರ ಮೇಲೊಂದು ಎತ್ತಿಡುತ್ತಿದ್ದ, ಬೆನ್ನಿಗೆ ಏನೂ ಆದಂತಿರಲಿಲ್ಲ. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ, ಅವನು ತಲೆ ತಗ್ಗಿಸಿದ. ಭಾವನ ಕಣ್ಣಿನ ವಿಷಯ ಅವನಿಗೆ ಮೊದಲೇ ಗೊತ್ತಿತ್ತು.

ಆ ರಾತ್ರಿ ಉಗಿಸ್ನಾನದ ಕೋಣೆಯಲ್ಲಿ, ಸೌನಾದಲ್ಲಿ, ಕೂತಾಗ ಕೇಳಿದೆ. ಅಲ್ಲಿ ಸುಳ್ಳು ಹೇಳಬಾರದು ಎಂದು ಅವರ ಅಮ್ಮ ಕಲಿಸಿದ್ದು, ಆ ಪುಣ್ಯಾತ್ಗಿತ್ತಿಯ ಹೆಸರೇ ಬೋಟಿಗೆ ಇಟ್ಟಿರುವುದು. ನೋಡಿದ ಕಡೆಯಲ್ಲೆಲ್ಲ ನಡುವೆ ಒಂದು ಹೊಗೆಯ ಉಂಡೆ ಇದೆಯಂತೆ, ಅಂಚು ಮಾತ್ರ ಕಾಣುತ್ತದಂತೆ. "ನಿನ್ನ ಕಿವಿ ಕಾಣುತ್ತೆ, ಮುಖ ಕಾಣಲ್ಲ. ಮುಖ ಹೇಗಿದ್ರೂ ನಂಗೆ ಬಾಯಿಪಾಠ ಬಿಡು" ಎಂದರು. ಲಾಂಗ್‌ವ್ಯೂ ಊರಿನ ಕಣ್ಣಿನ ಡಾಕ್ಟರು ವರ್ಷದ ಹಿಂದೆಯೇ ಹೇಳಿಬಿಟ್ಟಿದ್ದಾರೆ, ಇದು ಹಿಂದಕ್ಕೆ ಬರುವ ಕಣ್ಣಲ್ಲ ಎಂದು. ನನಗೆ ಹೇಳಿದ್ದು ಟ್ರಕ್ಕಿಗೆ ಹೊಸ ಟೈರು ನೋಡಲು ಹೋಗಿದ್ದೆ ಎಂದು. ಬೋಟಿನ ಪರವಾನಗಿ ಕೊಡುವವರು ಮತ್ತೆ ಕಣ್ಣು ನೋಡುವುದಕ್ಕೆ ಇನ್ನೂ ಎರಡು ವರ್ಷವಿದೆ. ಅಲ್ಲಿಯವರೆಗೆ ನಡೆಸಿಬಿಡುತ್ತೇನೆ ಎಂಬುದು ಅವರ ಹಟ. ಬಿಟ್ಟುಬಿಡಿ ಎಂದು ನಾನು ಅತ್ತುಬಿಟ್ಟೆ. "ಬೋಟು ಬಿಟ್ಟು ಏನ್ ಮಾಡ್ಲಿ ಹೇಳು, ನಿನ್ನ ಜೊತೆ ಕೂತು ಕಾಲುಚೀಲ ಹೆಣೀಲಾ?" ಎಂದರು. ನಾನು ಬರುವುದಿಲ್ಲ, ಒಬ್ಬರೇ ಹೋಗಿ ಎಂದೆ. ಹೋಗ್ತೀನಿ ಎಂದರು. ಹೋಗುವವರೇ ಅವರು.

ಹೀಗೆ ನಾನು ಬೋಟು ಹತ್ತಿದೆ. ನಿನಗೆ ಗೊತ್ತು, ಮದುವೆಯಾದಾಗಿನಿಂದ ನಾನು ದಡದವಳು. ರೊಟ್ಟಿ ಬೇಯಿಸಿ, ಗಿರಾಕಿಗಳ ಹೆಸರು ಬರೆದುಕೊಂಡು, ಕಾಫಿ ತುಂಬಿಸಿ ಕಳಿಸಿದವಳೇ ಹೊರತು ಅಳಿವೆ ದಾಟಿದವಳಲ್ಲ. ಕಟ್ಟಿದ ಬೋಟಿನಲ್ಲಿ ನಿಂತರೂ ನನಗೆ ವಾಂತಿ ಬರುತ್ತದೆ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಶುಂಠಿ ಅಗಿಯುತ್ತಾ, ಒಂದು ಕೈಯಲ್ಲಿ ಬಕೆಟ್ಟು ಹಿಡಿದು ಅವರ ಪಕ್ಕ ನಿಂತೆ. ದಾರಿ ತೋರುವ ತೇಲುದೀಪ ಯಾವ ಕಡೆ, ಎದುರಿಗೆ ಯಾರ ಬೋಟು, ಎಲ್ಲ ಅವರಿಗಷ್ಟೇ ಕೇಳುವಂತೆ ಹೇಳಬೇಕು. ಮೀನು ಬಂದರೆ ಅವರು ಬಾಯಿ ತೆರೆದು ನನ್ನ ಕಡೆ ತಿರುಗಿಸುತ್ತಾರೆ, ನಾನು "ಕಪ್ಪು" ಅಥವಾ "ಬಿಳಿ" ಎನ್ನಬೇಕು. ಯಾಕಿಮಾ ಊರಿನಿಂದ ಬಂದ ಒಬ್ಬ ಹೆಂಗಸು ಇದನ್ನು ನೋಡಿ, "ನಿಮ್ ಕಡೆ ಗಂಡ ಹೆಂಡ್ತಿ ಹೀಗೆ ಕೂಗೋದು ಪದ್ಧತೀನಾ, ಎಷ್ಟು ಚೆಂದ" ಎಂದಳು. ಹೌದಮ್ಮಾ ಪದ್ಧತಿ ಎಂದೆ, ಬಕೆಟ್ಟಿನ ಕಡೆ ತಿರುಗಿದೆ. ಇನ್ನೊಂದು ಬೋಟಿನ ಆರ್ವಿಲ್ ಅಂತೂ ರೇಡಿಯೋದಲ್ಲಿ ಇಡೀ ಬಂದರಿಗೆ ಕೇಳುವಂತೆ, "ಏನೋ ತೌನೊ, ಹೆಂಡ್ತಿ ನಿನ್ನ ಕಾವಲಿಗೆ ಬಂದವ್ಳಾ, ಇಲ್ಲ ನೀನೇ ಹೊತ್ಕೊಂಡ್ ಬಂದ್ಯಾ?" ಎಂದ. ಭಾವ, "ಬೇಯಿಸೋಳು ಜೊತೆಗಿದ್ರೆ ಮೀನು ತಾನಾಗೇ ಬರುತ್ತೆ ಕಣೋ" ಎಂದರು. ಹೀಗೆ ಆಡಿಕೊಳ್ಳುವ ಆರ್ವಿಲ್ಲನ ನೀರಿನ ಪಂಪು ಹಂಗಾಮಿನ ನಡುವೆ ಕೆಟ್ಟಾಗ, ಒಂದು ಪಂಪು ಕೊಡೋ ಎಂದು ಅವನು ಬಾಯಿಬಿಟ್ಟು ಕೇಳಿದ್ದಕ್ಕೆ, ನಮ್ಮ ಹತ್ತಿರವಿದ್ದ ಒಂದೇ ಪಂಪನ್ನು ಬಿಚ್ಚಿ ಕೊಟ್ಟು ಎರಡು ದಿನ ಮನೆಯಲ್ಲಿ ಕೂತರು. ನಿನ್ನ ಭಾವ ಅಂಥವರು. ಬಿಡು ಎಂದರೆ ಬಿಡುವುದಿಲ್ಲ, ಕೊಡು ಎಂದರೆ ಇಲ್ಲ ಎನ್ನಲು ಬರುವುದಿಲ್ಲ.

ನಗು ಬರುವುದೂ ಉಂಟು. ಫೋನಿನ ಗುಂಡಿಗಳನ್ನು ತಡವಿ ಒತ್ತುತ್ತಾರೆ. ಒಂದು ದಿನ ಐಸಿನವನಿಗೆ ಎಂದು ಮಾಡಿದ ಫೋನು ನಸೆಲ್ ಊರಿನ ಯಾರೋ ಮುದುಕಿಯ ಮನೆಗೆ ಹೋಗಿದೆ. ಇವರು ಅವಳಿಗೆ ಮಾತಾಡಲು ಬಿಡದೆ, ಬೆಳಿಗ್ಗೆ ನಾಲ್ಕಕ್ಕೆ ಐಸು ಬೇಕು, ಹೋದ ಸಲದ ಹಾಗೆ ತಡ ಮಾಡಬೇಡ ಎಂದು ಗದರಿಸಿ ಇಟ್ಟಿದ್ದಾರೆ. ಪಾಪ, ಆಕೆ ಇಡೀ ರಾತ್ರಿ ಏನೆಂದುಕೊಂಡಳೋ.

ಆದರೆ ಆಗಸ್ಟ್ ಎರಡನೆಯ ಶನಿವಾರ ನಡೆದದ್ದಕ್ಕೆ ನಗು ಬರುವುದಿಲ್ಲ. ಬೆಳಿಗ್ಗೆ ಆರು ಜನರೊಂದಿಗೆ ಹೊರಗೆ ಹೋದೆವು, ಒಳ್ಳೆಯ ಮೀನು ಸಿಕ್ಕಿತು. ಮಧ್ಯಾಹ್ನ ಇಳಿತ ಜೋರಾಗಿ ಎದುರು ಅಲೆ ಏರಿತು. ಅಳಿವೆ ಮುಚ್ಚಿದೆ, ಹೊರಗೇ ಇರಿ ಎಂದು ಕರಾವಳಿ ಕಾವಲು ಪಡೆಯವರು ರೇಡಿಯೋದಲ್ಲಿ ಹೇಳಿದರು. ಊರು ಕಾಣುತ್ತದೆ, ನಮ್ಮ ಮನೆಯ ಹಿಂದಿನ ಗುಡ್ಡ ಕಾಣುತ್ತದೆ, ಹೋಗಲು ಬಾಗಿಲಿಲ್ಲ. ಸಂಜೆಯವರೆಗೆ ಅಲ್ಲೇ ಏಳುತ್ತಾ ಬೀಳುತ್ತಾ ಇದ್ದೆವು. ಗಿರಾಕಿಗಳೆಲ್ಲ ಮಲಗಿಬಿಟ್ಟರು. ಒಬ್ಬ ತನ್ನ ಮಗಳ ಕೈ ಹಿಡಿದುಕೊಂಡು ಪ್ರಾರ್ಥನೆ ಮಾಡುತ್ತಿದ್ದ. ಭರತ ತಿರುಗಿ ಅಳಿವೆ ತೆರೆಯಿತು ಎಂದಾಗ ಭಾವ ನನ್ನ ಹೆಗಲು ಹಿಡಿದು ಹಿಂದಕ್ಕೆ ತಿರುಗಿಸಿ ನಿಲ್ಲಿಸಿದರು. "ನೀನು ಹಿಂದೆ ನೋಡು, ಮುಂದಿಂದು ನನ್ನ ಕಾಲಿಗೆ ಗೊತ್ತಾಗುತ್ತೆ. ದೊಡ್ಡದು ಬಂದ್ರೆ ಹೇಳು, ಹೆದರ್ಕೊಂಡು ಸಣ್ಣದನ್ನ ದೊಡ್ಡದು ಅನ್ಬೇಡ" ಎಂದರು. ನಾನು ಯಾವ ಅಲೆ ಕಂಡವಳು ತಮ್ಮಾ? ಎಲ್ಲವೂ ದೊಡ್ಡದೇ. ಒಂದು ಬಂತು, ಅದರ ನೆತ್ತಿ ಬಾಗುತ್ತಿತ್ತು. ಅವರ ಬೆನ್ನಿಗೆ ಗುದ್ದಿದೆ. ಅವರು ಎಂಜಿನ್ನು ತಗ್ಗಿಸಿ ಅದನ್ನು ಬೋಟಿನ ಅಡಿಯಲ್ಲಿ ಹಾಯಲು ಬಿಟ್ಟು, ಅದರ ಬೆನ್ನು ಹತ್ತಿ ಒಳಗೆ ತಂದರು. ದಕ್ಕೆಯಲ್ಲಿ ಗಿರಾಕಿಗಳು ಚಪ್ಪಾಳೆ ತಟ್ಟಿದರು. ಆ ತಂದೆ ಭಾವನ ಕೈ ಕುಲುಕಿ, "ನಿಮ್ಮಂಥವರ ಕಣ್ಣಿದ್ರೆ ಭಯವಿಲ್ಲ" ಎಂದ. ಅವನ ಮಗಳು ಮೀನು ಹಿಡಿದು ನಿಂತು ನನಗೂ ಫೋಟೋಗೆ ಬನ್ನಿ ಎಂದಳು. ಹೋಗಿ ನಿಂತೆ. ಆ ಫೋಟೋದಲ್ಲಿ ನಾನು ನಗುತ್ತಿದ್ದೇನೆ.

ಅಂದಿನಿಂದ ನನಗೆ ಸರಿಯಾದ ನಿದ್ದೆಯಿಲ್ಲ. ನಾನು ಹೋದರೆ ಅವರು ನಿಲ್ಲುವುದಿಲ್ಲ, ನನ್ನ ಕಣ್ಣೇ ಅವರಿಗೆ ಇನ್ನೊಂದು ಹಂಗಾಮು ಕೊಡುತ್ತದೆ. ನಾನು ಹೋಗದಿದ್ದರೆ ಅವರು ಒಬ್ಬರೇ ಹೋಗುತ್ತಾರೆ, ಆಗ ಫೋಟೋಗೆ ಕರೆದ ಆ ಹುಡುಗಿಯಂಥವರ ಗತಿಯೇನು. ಬಂದರಿನ ಕಚೇರಿಗೆ ಹೋಗಿ ಒಂದು ಮಾತು ಹೇಳಿದರೆ ಒಂದೇ ದಿನದಲ್ಲಿ ಮುಗಿಯುತ್ತದೆ, ಆದರೆ ಆಮೇಲೆ ಅವರು ಈ ಮನೆಯಲ್ಲಿ ನನ್ನೆದುರು ಕೂತು ಊಟ ಮಾಡುವುದು ಹೇಗೆ? ಎತ್ತ ತಿರುಗಿದರೂ ಗೋಡೆ. ಮುಂದಿನ ಜೂನ್‌ಗೆ ಆಗಲೇ ಮೂರು ತಂಡದವರು ಹೆಸರು ಬರೆಸಿದ್ದಾರೆ. ಬರೆದುಕೊಂಡವಳು ನಾನೇ.

ನೀನು ಇದಕ್ಕಾಗಿ ನಿದ್ದೆಗೆಡಬೇಡ. ಹೊಟ್ಟೆ ತುಂಬಾ ತಿನ್ನು, ಭುಜಕ್ಕೆ ಬಿಸಿ ಶಾಖ ಕೊಡು. ಏಲಕ್ಕಿ ಹಾಕಿದ ಪುಲ್ಲಾ ರೊಟ್ಟಿ ಕಳಿಸೋಣವೆಂದರೆ ದಾರಿಯಲ್ಲಿ ಕಲ್ಲಾಗುತ್ತದೆ. ಹೊಗೆ ಹಾಕಿದ ಮೀನಿನ ಡಬ್ಬಿ ನಾಲ್ಕು ಕಳಿಸುತ್ತೇನೆ, ಎಲ್ಲವೂ ಕಪ್ಪು ವಸಡಿನವು, ನಾನೇ ನೋಡಿದ್ದೇನೆ. ಕಡಲು ನಿನ್ನನ್ನು ಬೆಚ್ಚಗೆ ಮನೆಗೆ ಕಳಿಸಲಿ ಎಂದು ದಿನವೂ ಬೇಡಿಕೊಳ್ಳುವ

ನಿನ್ನ ಅಕ್ಕ,
ಹೆಲ್ಮಿ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿಸಿಕೊಂಡದ್ದು. ನಿನ್ನೆ ಊಟದ ಹೊತ್ತಿನಲ್ಲಿ ನಾನು ಭಾವನಿಗೆ ಒಂದು ಸುಳ್ಳು ಹೇಳಿದೆ. ರೇಯ್ನೊಗೆ ಪರರ ಬೋಟಿನಲ್ಲಿ ದುಡಿದು ಸಾಕಾಗಿದೆಯಂತೆ, ಲೆಂಪಿಯನ್ನು ತನಗೆ ಕೊಡುತ್ತಾರಾ ಎಂದು ಕೇಳಿದ್ದಾನೆ, ನಿಮ್ಮನ್ನೇ ಕೇಳಲು ನಾಚಿಕೆಯಂತೆ ಎಂದೆ. ಅವರು ಚಮಚ ಕೆಳಗಿಟ್ಟರು. "ಅವ್ನೇ ಕೇಳಿದ್ನಾ?" ಎಂದರು. ಅವನೇ ಎಂದೆ. "ಅವ್ನಿಗೆ ನಮ್ ಅಳಿವೇಲಿ ಬೋಟು ನಡೆಸಿ ಗೊತ್ತಿಲ್ವಲ್ಲ, ಒಂದು ಹಂಗಾಮು ಪಕ್ಕದಲ್ಲಿ ನಿಂತು ಕಲಿಸ್ಬೇಕಾಗುತ್ತೆ" ಎಂದು ಎದ್ದುಹೋಗಿ, ಗೋಡೆಯ ಮೊಳೆಯಲ್ಲಿದ್ದ ಬೋಟಿನ ಕೀಲಿಯನ್ನು ತಡವಿ ತೆಗೆದು, ಒರೆಸಿ, ಮತ್ತೆ ಅಲ್ಲೇ ಹಾಕಿದರು. ನೀನು ಇನ್ನೂ ಒಂದು ವಾರ ಕಡಲಲ್ಲಿರುತ್ತೀಯ ಎಂದಿದ್ದೇನೆ, ಅದಕ್ಕೆ ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಚರ್ಚಿನಿಂದ ಬಂದ ಮೇಲೆ ನಿನಗೆ ಫೋನು ಮಾಡುತ್ತಾರೆ. ಬೋಟು ಬೇಕು ಎಂದು ಹೇಳು. ಬೇಡವಾಗಿದ್ದರೂ ಹೇಳು. ಉಳಿದದ್ದು ಚಳಿಗಾಲದಲ್ಲಿ ನಾವಿಬ್ಬರೂ ಯೋಚಿಸೋಣ. ನೀನು ಒಲ್ಲೆ ಎಂದರೆ ಸೋಮವಾರ ನಾನೇ ಬಂದರಿನ ಕಚೇರಿಗೆ ಹೋಗುತ್ತೇನೆ, ಅಷ್ಟು ತೀರ್ಮಾನಿಸಿದ್ದೇನೆ. ನಾನೇ ನಂಬರು ಒತ್ತಿಕೊಡುತ್ತೇನೆ ಎಂದರೆ ಬೇಡ ಎಂದಿದ್ದಾರೆ. ಅದಕ್ಕೆ ಫೋನು ತಡವಾದರೆ ಎದ್ದು ಹೋಗಬೇಡ. ಎರಡು ಮೂರು ಮನೆ ಸುತ್ತಿ ನಿನಗೆ ಬರುತ್ತದೆ.