ಧಾರಾವಾಹಿ ವಿಭಾಗದ ಮುಖ್ಯಸ್ಥರಿಗೆ: ನೀವು ಕತ್ತರಿಸಿದ ಅಗಲಿಕೆಯ ಬಗ್ಗೆ

ಮಾನ್ಯ ಮುಖ್ಯಸ್ಥರೇ,

ಹೋದ ತಿಂಗಳು ಒಂದು ಶನಿವಾರ ಸಂಜೆ ನಿಮ್ಮ ವಾಹಿನಿಯ ಧಾರಾವಾಹಿಯಲ್ಲಿ, ಒಟ್ಟಿಗೆ ಬಾಳುತ್ತಿದ್ದ ಇಬ್ಬರು ಗಂಡಸರು ಒಬ್ಬರನ್ನೊಬ್ಬರು ಅಗಲಿದರು. ಮರುದಿನ ಭಾನುವಾರ ಮಧ್ಯಾಹ್ನ ಅದೇ ಕಂತು ಮರುಪ್ರಸಾರವಾದಾಗ ಅವರು ಅಗಲಲೇ ಇಲ್ಲ. ಒಬ್ಬ "ಕೂತ್ಕೋ, ಮಾತಾಡ್ಬೇಕು" ಅಂದ, ಇನ್ನೊಬ್ಬ ಕೂತ, ಕೂತದ್ದೇ ತಡ ಪರದೆಯ ತುಂಬ ಸಮುದ್ರ ಬಂತು. ಅದರ ಮೇಲೆ 'ಗೆಳೆತನಕ್ಕೂ ಒಂದು ಋತುಮಾನವಿದೆ' ಎಂಬ ಅಕ್ಷರಗಳು ತೇಲಿದವು. ಆಮೇಲೆ ಸೋಫಾದ ಜಾಹೀರಾತು. ನಡುವಿನ ದೃಶ್ಯ ಎಲ್ಲಿ ಹೋಯಿತೆಂದು ನಿಮ್ಮ ಕಚೇರಿಗೆ ಫೋನ್ ಮಾಡಿ ಕೇಳಿದೆ. ಬಲು ಸಭ್ಯ ದನಿಯ ಹೆಣ್ಣುಮಗಳೊಬ್ಬಳು, "ಮನೆಮಂದಿಯೆಲ್ಲ ಕೂತು ನೋಡೋ ಹೊತ್ತಲ್ವಾ ಮೇಡಂ, ಮುಜುಗರ ಆಗಬಾರದು ಅಂತ ತೆಗೆದಿದೀವಿ" ಎಂದಳು. ಸ್ವಾಮಿ, ಹಾಗೆ ಕೂತು ನೋಡುತ್ತಿದ್ದ ಮನೆಮಂದಿ ನಾವೇ. ಮುಜುಗರ ಆಯಿತೋ ಇಲ್ಲವೋ ಎಂದು ವರದಿ ಒಪ್ಪಿಸಲು ಈ ಪತ್ರ.

ಮೊದಲಿಗೆ ಒಂದು ಸಂಶಯ ಪರಿಹರಿಸಿ. ಅದೇ ಭಾನುವಾರ ಬೆಳಗ್ಗೆ ನಿಮ್ಮ ಇನ್ನೊಂದು ಧಾರಾವಾಹಿಯಲ್ಲಿ ಅತ್ತೆ ಸೊಸೆಯ ಮುಖಕ್ಕೆ ನೀರೆರಚಿದಳು, ಮೈದುನ ಆಸ್ತಿಗಾಗಿ ಅಣ್ಣನ ಮೇಲೆ ಲಾರಿ ಹತ್ತಿಸಿದ. ಅದನ್ನು ನಾವು ಮನೆಮಂದಿಯೆಲ್ಲ ಕೂತು, ಬೇಯಿಸಿದ ಗೆಣಸು ತಿನ್ನುತ್ತ, ಯಾವ ಮುಜುಗರವೂ ಇಲ್ಲದೆ ನೋಡಿದೆವು. ಕೊಲೆಗೆ ಇರುವ ಮರ್ಯಾದೆ ಅಳುವಿಗೆ ಯಾಕಿಲ್ಲ? ನೀವು ಕತ್ತರಿಸಿದ ದೃಶ್ಯದಲ್ಲಿ ಮುತ್ತಿಲ್ಲ, ಅಪ್ಪುಗೆಯಿಲ್ಲ. ಇಬ್ಬರು ಅಡುಗೆಮನೆಯಲ್ಲಿ ಪಾತ್ರೆ ಹಂಚಿಕೊಳ್ಳುತ್ತಾರೆ, ಅಷ್ಟೆ. ಪಾತ್ರೆಯೂ ಅಶ್ಲೀಲವೇ?

ನಾನು ಗುನ್‌ಸಾನ್‌ನಲ್ಲಿ ಹೆಂಗಸರ ಕೂದಲು ಗುಂಗುರು ಮಾಡುವ ಅಂಗಡಿ ನಡೆಸುವವಳು. ನನ್ನ ತಮ್ಮ ಬ್ಯೋಂಗ್‌ಜು ಜೋಂಜುವಿನಲ್ಲಿ ದೋಹಾನ್ ಎಂಬ ನೀಳಕಾಯದವನ ಜೊತೆ ವರ್ಷಾನುಗಟ್ಟಲೆ ಸಂಸಾರ ಮಾಡಿದ. ಸಂಸಾರ ಎಂಬ ಪದ ನನ್ನದು. ನಮ್ಮ ಮನೆಯಲ್ಲಿ ಚಾಲ್ತಿಯಲ್ಲಿದ್ದ ಪದ 'ರೂಮ್‌ಮೇಟು'. ಸುಗ್ಗಿಯ ಚುಸೋಕ್ ಹಬ್ಬಕ್ಕೆ ದೋಹಾನ್ ಬಂದರೆ ಅಮ್ಮ ಹುರಿದ ಮೀನಿನ ಹೊಟ್ಟೆಭಾಗ ಅವನ ಬಟ್ಟಲಿಗೇ ಹಾಕುತ್ತಿದ್ದಳು, ಚಿಕ್ಕಮ್ಮಂದಿರು ಅವನಿಗೇ ಹೆಣ್ಣು ನೋಡುತ್ತಿದ್ದರು. ಹೋದ ಚಳಿಗಾಲ ತಮ್ಮ ಒಂದು ಸೂಟ್‌ಕೇಸ್, ಒಂದು ಅನ್ನದ ಕುಕ್ಕರ್ ಹಿಡಿದು ಅಮ್ಮನ ಮನೆಗೆ ಬಂದಿಳಿದ. "ದೋಹಾನ್‌ಗೆ ಯೋಸುಗೆ ವರ್ಗ ಆಯ್ತು" ಅಂದ. ಅಷ್ಟೇ.

ಹೆಂಡತಿ ಬಿಟ್ಟುಹೋಗಿದ್ದರೆ ಏನೇನು ನಡೆಯುತ್ತಿತ್ತು ಯೋಚಿಸಿ. ಚಿಕ್ಕಮ್ಮಂದಿರು ಗಂಜಿ ಹೊತ್ತು ತರುತ್ತಿದ್ದರು, ಅವಳ ಮೂರು ತಲೆಮಾರು ಜಾಲಾಡುತ್ತಿದ್ದರು, ಸೋದರಮಾವ ಸೋಜು ಹೆಂಡ ಕುಡಿಸಿ ತಾನೇ ಮೊದಲು ಅಳುತ್ತಿದ್ದ. ರೂಮ್‌ಮೇಟಿಗೆ ವರ್ಗವಾದರೆ ಯಾರು ಗಂಜಿ ತರುತ್ತಾರೆ? ತಮ್ಮ ತೆಳ್ಳಗಾಗುತ್ತ ಹೋದ. ಕೇಳಿದರೆ "ಹೊಟ್ಟೆ ಸರಿಯಿಲ್ಲ ಅಕ್ಕ" ಅನ್ನುತ್ತಿದ್ದ. ಅಮ್ಮ ಜೀರ್ಣದ ಗುಳಿಗೆ ಕೊಡುತ್ತಿದ್ದಳು. ಅವನು ನುಂಗುತ್ತಿದ್ದ.

ಆ ಶನಿವಾರ ಸಂಜೆ ಅಮ್ಮ ತಲೆತುಂಬ ಸುರುಳಿ ಹಾಕಿಸಿಕೊಂಡು ನನ್ನ ಅಂಗಡಿಯಲ್ಲಿ ಕೂತಿದ್ದಳು. ಟಿವಿಯಲ್ಲಿ ನಿಮ್ಮ ಕಂತು. ಆ ಇಬ್ಬರಲ್ಲಿ ಕುಳ್ಳಗಿನವನು ಪಾತ್ರೆ ಒರೆಸುತ್ತ, "ನೀನು ಊಟ ಆಯ್ತಾ ಅಂತ ಕೇಳೋದು ಬಿಟ್ಟು ಎಷ್ಟು ದಿನ ಆಯ್ತು ಹೇಳು" ಎಂದಾಗ ಅಂಗಡಿಗೆ ಅಂಗಡಿಯೇ ಅತ್ತಿತು. ಮೀನು ಮಾರುವ ಹ್ವಾಂಗ್‌ಬೋ ಅಕ್ಕನ ಕೂದಲಿಗೆ ಹಚ್ಚಿದ ಬಣ್ಣ ತೊಳೆಯುವುದನ್ನು ನಾನು ಮರೆತು, ಅವರ ತಲೆ ಈಗಲೂ ಬದನೆಕಾಯಿ ಬಣ್ಣ. ಅಮ್ಮ ಮಾತ್ರ ಅಳಲಿಲ್ಲ. "ನಾಳೆ ಮತ್ತೆ ಹಾಕ್ತಾರೇನೇ?" ಎಂದಳು. "ಹಾಕ್ತಾರಮ್ಮ, ಯಾಕೆ?" "ನಮ್ಮ ಹುಡುಗ ನೋಡ್ಲಿ. ನೋಡಿದ್ರೆ ಬಾಯಿ ಬಿಡ್ತಾನೆ."

ಭಾನುವಾರ ಊಟವಾದ ಮೇಲೆ ಅಮ್ಮ ಅವನನ್ನು ಟಿವಿ ಮುಂದೆ ಕೂರಿಸಿ, ಎದ್ದು ಹೋಗದಂತೆ ಪಕ್ಕದಲ್ಲೇ ಕೂತಳು. ಬಂತು ನಿಮ್ಮ ಸಮುದ್ರ, ಬಂತು ನಿಮ್ಮ ಋತುಮಾನ.

"ಎಲ್ಲಿ ಹೋಯ್ತೋ?" ಅಮ್ಮ ರಿಮೋಟಿಗೆ ಬಡಿದಳು. "ಇಲ್ಲಿ ಅವ್ರಿಬ್ರೂ ಬೇರೆಯಾಗ್ಬೇಕಿತ್ತಲ್ಲ! ಯಾವನು ತಿಂದ ಅದನ್ನ?"

ತಿಂದವರು ತಾವು. ಆದರೆ ನಮ್ಮಮ್ಮ ಬಿಡುವವಳಲ್ಲ. ಎಂಬತ್ತು ದಾಟಿದ ಹೆಂಗಸು, ಹೊಸ ಗುಂಗುರು ಕೂದಲು, ಹೂವಿನ ಚಿತ್ತಾರದ ಪೈಜಾಮ, ಅಡುಗೆಮನೆಯಿಂದ ಒಂದು ಬಾಣಲೆ ಹಿಡಿದು ಬಂದು ಟಿವಿಗೆ ಅಡ್ಡ ನಿಂತಳು. "ನೋಡು, ಈಗ ನಾನು ಕುಳ್ಳ. ಊಟ ಆಯ್ತಾ ಅಂತ ಕೇಳೋದು ಬಿಟ್ಟು ಎಷ್ಟು ದಿನ ಆಯ್ತು ಹೇಳು!" ಆಮೇಲೆ ತುದಿಗಾಲಲ್ಲಿ ನಿಂತು, "ಈಗ ಉದ್ದನೆಯವನು. ಕೇಳೋಕೆ ನಂಗೇ ಹಸಿವು ಸತ್ತೋಗಿತ್ತು ಕಣೋ!" ತಮ್ಮ ನಕ್ಕ. ಎಷ್ಟೋ ತಿಂಗಳ ಮೇಲೆ ನಕ್ಕ. ನಗುತ್ತ ನಗುತ್ತಲೇ ಮುಖ ಮುಚ್ಚಿಕೊಂಡ.

ಅಮ್ಮ ಬಾಣಲೆ ಕೆಳಗಿಟ್ಟಳು. "ನಮ್ಮ ಉದ್ದನೆಯವನು ಏನಂದ?"

"ಅಮ್ಮಾ... ನಿಂಗೆ ಗೊತ್ತಿತ್ತಾ?"

"ಒಂದೇ ಹಾಸಿಗೆ ಇರೋ ಮನೆಗೆ ನಾನು ಕಿಮ್ಚಿ ಭರಣಿ ತಂದು ಇಟ್ಟಿಲ್ವೇನೋ? ಕಣ್ಣಿಗೆ ಪೊರೆ ಬಂದಿತ್ತು, ಕುರುಡಿ ಆಗಿರ್ಲಿಲ್ಲ."

ಆಗ ಹೇಳಿದ. ದೋಹಾನ್‌ಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿತ್ತಂತೆ. ನರ್ಸ್ ಬಂದು "ನೀವು ರೋಗಿಗೆ ಏನಾಗ್ಬೇಕು?" ಎಂದು ಕೇಳಿದಾಗ ನನ್ನ ತಮ್ಮ "ಪಕ್ಕದ ಮನೆಯವನು" ಅಂದನಂತೆ. ಮಲಗಿದ್ದ ದೋಹಾನ್ ಕೇಳಿಸಿಕೊಂಡ. ವಾಸಿಯಾದ ಮೇಲೆ, "ಪಕ್ಕದ ಮನೆಯವರು ಪಕ್ಕದ ಮನೇಲಿರ್ಬೇಕು" ಎಂದು ಹೊರಟುಹೋದ.

ಅಮ್ಮ ಮಗನ ಬೆನ್ನಿಗೆ ಗುದ್ದತೊಡಗಿದಳು. "ಪಕ್ಕದ ಮನೆಯವನಾ? ಥೂ! ಪಕ್ಕದ ಮನೆಯವನಿಗೆ ಮೀನಿನ ಹೊಟ್ಟೆ ಹಾಕ್ತಿದ್ನೇನೋ ನಾನು?" ಗುದ್ದುತ್ತಲೇ ಅಪ್ಪಿಕೊಂಡಳು. ಅವನು ದೊಡ್ಡ ದನಿಯಲ್ಲಿ ಅತ್ತ.

ಗಮನಿಸಿ, ಮಾನ್ಯರೇ, ನಿಮ್ಮ ಕತ್ತರಿ ನಮ್ಮ ಮನೆಗೆ ಹೊಸದಲ್ಲ. ನನ್ನ ತಮ್ಮನೂ ಅದನ್ನೇ ಆಡಿಸಿದ್ದ, ಅದೇ ಮುಜುಗರಕ್ಕೆ. ಅದರ ಬೆಲೆ ತೆತ್ತ.

ಮುಂದಿನ ವಾರ ತಮ್ಮ ಯೋಸುಗೆ ಹೋಗಿ ಕ್ಷಮೆ ಕೇಳಿ ಬಂದ. ದೋಹಾನ್ ಕ್ಷಮಿಸಿದ, ವಾಪಸ್ ಬರಲಿಲ್ಲ. ಬಸ್ಸಿನವರೆಗೆ ಬಂದು ಕಳಿಸಿದನಂತೆ. ಜೀವನದಲ್ಲಿ ಎರಡನೇ ಸೀಸನ್ ಅಷ್ಟು ಸುಲಭಕ್ಕೆ ಮಂಜೂರಾಗುವುದಿಲ್ಲ. ಆದರೆ ಈಗ ಚಿಕ್ಕಮ್ಮಂದಿರಿಗೆ ವಿಷಯ ಗೊತ್ತು. ಗಂಜಿ ಬಂದಿದೆ. ಒಬ್ಬಳು ದೋಹಾನ್‌ನನ್ನು ಬೈಯುತ್ತಾಳೆ, ಇನ್ನೊಬ್ಬಳು ತಪ್ಪು ನಮ್ಮವನದೇ ಎಂದು ಜಗಳಕ್ಕೆ ನಿಲ್ಲುತ್ತಾಳೆ. ತಮ್ಮ ನಡುವೆ ಕೂತು ಉಣ್ಣುತ್ತಾನೆ. ಜೀರ್ಣದ ಗುಳಿಗೆ ನಿಂತಿದೆ.

ಹೀಗಾಗಿ ನನ್ನ ಆಗ್ರಹ: ಆ ದೃಶ್ಯವನ್ನು ಪೂರ್ತಿಯಾಗಿ, ಸಮುದ್ರ ಬೆರೆಸದೆ, ಭಾನುವಾರ ಮಧ್ಯಾಹ್ನವೇ ಮತ್ತೆ ಪ್ರಸಾರ ಮಾಡತಕ್ಕದ್ದು. ದೇಶದಲ್ಲಿ ಇನ್ನೂ ಎಷ್ಟೋ ಮನೆಗಳಲ್ಲಿ ರೂಮ್‌ಮೇಟುಗಳಿಗೆ ವರ್ಗವಾಗಿದೆ. ಅಮ್ಮನೂ ಒಂದು ಮಾತು ಸೇರಿಸಲು ಹೇಳಿದ್ದಾಳೆ: "ನನ್ನ ಮಂಡಿ ಸರಿಯಿಲ್ಲ ಅನ್ನು. ಮನೆಮನೆಗೂ ಹೋಗಿ ನಾನೇ ಆಡಿ ತೋರ್ಸೋಕಾಗಲ್ಲ ಅನ್ನು."

ಇಂತಿ, ಮುಜುಗರ ತೀರಿದ ಮನೆಯೊಂದರ ಪರವಾಗಿ,
ಮೆಂಗ್ ಓಕ್‌ಜು
(ಬದನೆ ಬಣ್ಣದ ತಲೆಯೊಂದಕ್ಕೆ ಇನ್ನೂ ಉತ್ತರ ಕೊಡಬೇಕಿರುವವಳು)