ಅರ್ಧ ತೆನೆ

ಕಂಕನಾಡಿ, ೮ ಸೆಪ್ಟೆಂಬರ್ ೧೯೬೧

ಅಮ್ಮಾ, ನನ್ನ ಮಾಯ್,

ನೀನು ತೀರಿಹೋದ ಮೇಲೆ ಊರಿನಲ್ಲಿ ನನ್ನ ಮೊದಲ ಮೊಂತಿ ಹಬ್ಬ, ಹೊಸ ತೆನೆಯ ಹಬ್ಬ. ಒಟ್ಟು ಖರ್ಚು ಅರ್ಧ ಭತ್ತದ ತೆನೆ, ಕೆಸರಾದ ಒಂದು ಜೋಡಿ ಬೂಟು.

ನೆರೆಮನೆಯ ನರ್ಸ್ ವಿನಿಫ್ರೆಡ್‌ಗೆ ಬೆಳಿಗ್ಗೆ ಡ್ಯೂಟಿ ಇದ್ದುದರಿಂದ ಇಗರ್ಜಿಗೆ ಹೋಗಲಾಗಲಿಲ್ಲ. ಪಾದ್ರಿಗಳು ಆಶೀರ್ವದಿಸಿದ ತೆನೆ ಬಾರದೆ ಹಬ್ಬದೂಟವಿಲ್ಲವಲ್ಲ, ಅವಳ ಮಕ್ಕಳು ಖಾಲಿ ಎಲೆಯ ಮುಂದೆ ಕೂತಿದ್ದರು. ಅಂಗಳ ದಾಟಿ ಹೋಗಿ, ನನ್ನ ತೆನೆ ಮುರಿದು ಅರ್ಧ ಕೊಟ್ಟೆ.

"ನಿಮಗೆ ಬೇಡವಾ ಮಾರಾಯ್ರೆ?" ಎಂದಳು ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದ ವಿನಿಫ್ರೆಡ್.

"ಒಬ್ಬನಿಗೆ ಇಡೀ ತೆನೆ ಎಂತಕ್ಕೆ?"

"ಹಬ್ಬದ ದಿನ ಒಬ್ಬರೇ ಉಣ್ಣುವುದಾ? ಬೂಟು ಬಿಚ್ಚಿ, ಕೂತುಕೊಳ್ಳಿ."

ಬೊಂಬಾಯಿಯ ಅಂಗಡಿ ಬಿಟ್ಟು ಬರಲಾಗದೆ, ನೀನು ಅಲ್ಲಿಗೆ ಲಕೋಟೆಯಲ್ಲಿ ಕಳಿಸುತ್ತಿದ್ದ ಹೊಸ ಕಾಳನ್ನು ವರ್ಷವರ್ಷವೂ ಒಬ್ಬನೇ ತಿಂದವನು ನಾನು. ಇವತ್ತು ಮಕ್ಕಳ ನಡುವೆ ಕೂತು ನಗುತ್ತಾ ಉಂಡೆ.

ಲಾಭದ ಲೆಕ್ಕ: ಮಕ್ಕಳಿಗೆ ಊಟ, ವಿನಿಫ್ರೆಡ್‌ಗೆ ಹಬ್ಬ, ನನಗೆ ಬೇಡವೆಂದರೂ ಬಡಿಸುವವರು.

ನಿನ್ನ ರಾಫೆಲ್